ಈಶಾನ್ಯ ಮೂಲೆಯ ಕಲ್ಲು

ತಹಶೀಲ್ದಾರರು ಆದೇಶವನ್ನು ಟೈಪ್ ಮಾಡಿಸಲೂ ಕಾಯಲಿಲ್ಲ. ಬಿಳಿ ಹಾಳೆಯ ಮೇಲೆ ಕೈಯಲ್ಲೇ ನಾಲ್ಕು ಸಾಲು ಬರೆದು, ಮೊಹರು ಒತ್ತಿ ನನ್ನ ಕಡೆಗೆ ತಳ್ಳಿದರು.

"ಅಜ್ಜಂಪುರ ಹೋಬಳಿ. ನಿನ್ನೆ ಬೆಳಿಗ್ಗೆ ಸತ್ತವನ ಹೆಣ ಇನ್ನೂ ಮನೇಲೇ ಇದೆ. ಹೂಳೋಕೆ ಊರಿನವರು ಬಿಡ್ತಿಲ್ಲ. ಸ್ಮಶಾನ ಅಳೆದು ಹದ್ದು ತೋರಿಸಿ, ಸಂಜೆ ಒಳಗೆ ವರದಿ ಕೊಡಿ," ಎಂದರು. ನಾನು ಬಾಗಿಲ ತನಕ ಹೋದ ಮೇಲೆ ಮತ್ತೆ ಕರೆದು, "ಅಳತೆ ಅಷ್ಟೇ ನಿಮ್ಮ ಕೆಲಸ. ಧರ್ಮದ ಮಾತು ಬೇಡ," ಎಂದರು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ತರೀಕೆರೆ ತಾಲ್ಲೂಕು ಕಚೇರಿಯಲ್ಲಿ ನಾನು ಭೂಮಾಪಕ. ಆ ಊರಿನ ವಿಷಯ ಕಚೇರಿಯಲ್ಲಿ ಎಲ್ಲರಿಗೂ ಅಷ್ಟಿಷ್ಟು ಗೊತ್ತಿತ್ತು. ಕೆಳಗಿನ ಕೇರಿಯ ಎಂಟು ಮನೆಯವರು ಎರಡು ವರ್ಷದ ಹಿಂದೆ ಕ್ರೈಸ್ತರಾಗಿದ್ದರು. ಕಡೂರಿನಿಂದ ಒಬ್ಬ ಉಪದೇಶಿ ಭಾನುವಾರಗಳಂದು ರೈಲಿನಲ್ಲಿ ಬಂದು ಅವರಿಗೆ ಪ್ರಾರ್ಥನೆ ಹೇಳಿಕೊಡುತ್ತಿದ್ದರು. ಮದುವೆ, ನಾಮಕರಣಗಳಲ್ಲಿ ಗೊಣಗಿಕೊಂಡು ಸುಮ್ಮನಾಗಿದ್ದ ಊರು, ಆ ಎಂಟು ಮನೆಗಳಲ್ಲಿ ಮೊದಲ ಸಾವಾದಾಗ ಎದ್ದು ನಿಂತಿತ್ತು. ಸತ್ತವನು ಅರವತ್ತು ದಾಟಿದ ಕೂಲಿಯಾಳು. ಅವನ ಮಗ ಅಜ್ಜಂಪುರ ಸ್ಟೇಷನ್ನಿನ ಕಡೆ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ಅರ್ಜಿ ಕೊಟ್ಟವನು ಅವನೇ.

ರೆಕಾರ್ಡ್ ರೂಮಿಗೆ ಹೋಗಿ ಗ್ರಾಮದ ನಕ್ಷೆ ಮತ್ತು ಆ ಸರ್ವೆ ನಂಬರಿನ ಟಿಪ್ಪಣಿ ತೆಗೆಸಿದೆ. ಟಿಪ್ಪಣಿ ಎಂದರೆ ಮೊದಲ ಸರ್ವೆ ಮಾಡಿದವರು ಅಳತೆಗಳನ್ನೆಲ್ಲ ಬರೆದಿಟ್ಟ ಹಾಳೆ. ಹಾಳೆ ಮಡಿಕೆಗಳಲ್ಲಿ ಹರಿದಿತ್ತು, ಆದರೆ ಅಂಕಿಗಳು ಓದುವಂತಿದ್ದವು. ಒಂದೆಕರೆ ಮೂವತ್ತೆರಡು ಗುಂಟೆ, ಸರ್ಕಾರಿ ಖರಾಬು ಅಂದರೆ ಸಾಗುವಳಿಗೆ ಕೊಡದ ನೆಲ, ಸ್ಮಶಾನ. ದಕ್ಷಿಣಕ್ಕೆ ಬಂಡಿದಾರಿ, ಉತ್ತರಕ್ಕೆ ಅಮೃತಮಹಲ್ ಕಾವಲು ಎಂಬ ಸರ್ಕಾರಿ ಹುಲ್ಲುಗಾವಲು, ಪೂರ್ವಕ್ಕೆ ಖಾಸಗಿ ಹೊಲ. ನೈಋತ್ಯದ ಕಲ್ಲಿನಿಂದ ಈಶಾನ್ಯದ ಕಲ್ಲಿಗೆ ಓರೆಯಾಗಿ ಹನ್ನೆರಡು ಸರಪಳಿ ಚಿಲ್ಲರೆ ಬೇಸ್ ಲೈನ್. ಯಾರ ಸ್ಮಶಾನ, ಯಾವ ಜಾತಿಯದು ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ.

ಊರಿನ ಹೆಸರು ಓದಿದಾಗಲೇ ಈ ಕೆಲಸ ನನಗೆ ಬೇಡವೆನಿಸಿತ್ತು. ನನ್ನ ಹೆಂಡತಿಯ ತವರು ಅಲ್ಲಿಂದ ಒಂದೂವರೆ ಮೈಲಿ. ಆ ಊರಿನ ಮುಖಂಡರೂ ನನ್ನ ಮಾವನವರೂ ಒಂದೇ ಮಠದ ಶಿಷ್ಯರು, ಬೀಗತನವೂ ಇತ್ತು. ನನ್ನ ಎದೆಯ ಮೇಲೆ ಇದ್ದ ಲಿಂಗವೇ ಅವರ ಎದೆಯ ಮೇಲೂ ಇತ್ತು. ಬೇರೆಯವರನ್ನು ಕಳಿಸಿ ಎಂದು ಕೇಳಲು ಎರಡು ಸಲ ತಹಶೀಲ್ದಾರರ ಕೋಣೆಯವರೆಗೆ ಹೋಗಿ ಎರಡು ಸಲವೂ ಹಿಂದಿರುಗಿದೆ. ಬೇರೆಯವರು ಯಾರೂ ಇರಲಿಲ್ಲ. ಇನ್ನೊಬ್ಬ ಭೂಮಾಪಕ ಲಿಂಗದಹಳ್ಳಿಯ ಕಡೆ ಅಳತೆಗೆ ಹೋಗಿದ್ದ.

ನಾನು ಮತ್ತು ಸರಪಳಿ ಹಿಡಿಯುವ ಹಳೆಯ ಜವಾನ ಅಜ್ಜಂಪುರದವರೆಗೆ ಬಸ್ಸಿನಲ್ಲಿ ಹೋದೆವು. ಅಲ್ಲಿಂದ ಪೊಲೀಸ್ ಜೀಪು. ಒಬ್ಬ ದಫೇದಾರರು, ಒಬ್ಬ ಕಾನ್‌ಸ್ಟೇಬಲ್. ಇನ್‌ಸ್ಪೆಕ್ಟರು ಬೇರೆಲ್ಲೋ ಬಂದೋಬಸ್ತಿಗೆ ಹೋಗಿದ್ದರಂತೆ. ದಫೇದಾರರು ತರೀಕೆರೆಯ ಮುಸಲ್ಮಾನರು, ನನಗೆ ಪರಿಚಯದವರು. ದಾರಿಯಲ್ಲಿ ಅವರು ಮೆಲ್ಲಗೆ, "ಸಾರ್, ಅಲ್ಲಿ ಮಾತೆಲ್ಲ ನೀವೇ ಆಡಿ. ನಾನು ಬಾಯಿ ಬಿಟ್ರೆ ಅದಕ್ಕೆ ಬೇರೆ ಅರ್ಥ ಕಟ್ತಾರೆ," ಎಂದರು. ಆ ಮಾತು ಕೇಳಿ ನನ್ನ ಭಯ ಇನ್ನೂ ಹೆಚ್ಚಿತು. ನನಗೆ ಕಾವಲಿಗೆ ಬಂದವರೇ ನನಗಿಂತ ಎಚ್ಚರದಲ್ಲಿದ್ದರು.

ಊರೊಳಗೆ ಜೀಪು ನಿಂತಾಗ ಹನ್ನೊಂದು ಗಂಟೆ. ಬೇಸಿಗೆಯ ಬಿಸಿಲು, ಎರೆಭೂಮಿ ಬಿರುಕು ಬಿಟ್ಟಿತ್ತು. ಕೆಳಗಿನ ಕೇರಿಯ ಮನೆಯ ಮುಂದೆ ಬೇವಿನ ಸೊಪ್ಪಿನ ರಾಶಿ ಇತ್ತು. ಗಾಳಿ ತಿರುಗಿದಾಗ ವಾಸನೆ ಬಂತು. ಮಗ ಹೊರಗೆ ಬಂದು ಕೈ ಮುಗಿದ. ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

"ಪೆಟ್ಟಿಗೆ ರೆಡಿ ಐತೆ ಸ್ವಾಮಿ. ಒಂದಾಳು ಮಲಗೋ ಜಾಗ ತೋರ್ಸಿ, ಸಾಕು."

"ಅಳೆದು ನೋಡಬೇಕು," ಎಂದೆ.

"ಅಳೆಯೋ ತಂಕ ನಮ್ಮಪ್ಪ ಇರಬೇಕಲ್ಲ," ಎಂದ. ನಾನು ಸ್ಮಶಾನದ ಕಡೆ ನಡೆದೆ.

ಸ್ಮಶಾನದ ಬಳಿ ನೂರಕ್ಕೂ ಹೆಚ್ಚು ಜನ ಸೇರಿದ್ದರು. ಮುಂದೆ ಮುಖಂಡರು ನಿಂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ. ಪೂರ್ವದ ಹೊಲ ಅವರದ್ದೇ. ಅವರ ಹಿಂದೆ ಕಂಬಳಿ ಹೊದ್ದು ನಿಂತವನು ಊರಿನ ತೋಟಿ, ಅಂದರೆ ಊರ ಚಾಕರಿಯವನು. ಸತ್ತವನ ಒಡಹುಟ್ಟಿದ ತಮ್ಮ ಅವನು ಎಂದು ಜವಾನ ನನ್ನ ಕಿವಿಯಲ್ಲಿ ಹೇಳಿದ. ಅಣ್ಣ ಕ್ರೈಸ್ತನಾದ ದಿನದಿಂದ ಇವನು ಅವನ ಹೊಸಿಲು ತುಳಿದಿರಲಿಲ್ಲವಂತೆ.

"ಬನ್ನಿ ಬನ್ನಿ. ನಿಮ್ಮ ಮಾವ್ನೋರು ಚೆನ್ನಾಗವ್ರಾ?" ಎಂದು ಮುಖಂಡರು ಮಾತು ಆರಂಭಿಸಿದರು. ಎಲ್ಲರಿಗೂ ಕೇಳಲಿ ಎಂದೇ ಆ ಪ್ರಶ್ನೆ. "ನೋಡಿ, ನಮಗೆ ಸತ್ತೋನ ಮೇಲೆ ದ್ವೇಷ ಇಲ್ಲ. ನಮ್ಮ ಹೊಲದಾಗೆ ಮೂವತ್ತು ವರ್ಷ ದುಡಿದೋನು. ಆದ್ರೆ ಇಲ್ಲಿ ಶಿಲುಬೆ ನೆಡ್ತಾರೆ. ನಾಳೆ ಅದಕ್ಕೊಂದು ಗೋಡೆ, ನಾಡಿದ್ದು ಒಂದು ಇಗರ್ಜಿ. ಒಂದಾಗಿದ್ದ ಊರು ಎರಡಾಯ್ತದೆ. ಅದನ್ನ ನಿಮ್ಮ ಸರಪಳಿ ಅಳೀತದಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಸಿಟ್ಟಿದ್ದುದು ಹಿಂದೆ ನಿಂತ ಯುವಕರಲ್ಲಿ. ಅವರಲ್ಲಿ ನಾಲ್ಕೈದು ಜನ ಹೋಗಿ, ಎತ್ತು ಕಟ್ಟದ ಒಂದು ಗಾಡಿಯನ್ನು ನೂಕಿಕೊಂಡು ಬಂದು ನಮ್ಮ ಜೀಪಿನ ಹಿಂದೆ ದಾರಿಗೆ ಅಡ್ಡಲಾಗಿ ನಿಲ್ಲಿಸಿದರು. ದಫೇದಾರರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಅಂಗೈ ಬೆವರಿ ಟಿಪ್ಪಣಿಯ ಅಂಚು ಒದ್ದೆಯಾಗಿತ್ತು.

ಕೆಲಸ ಶುರು ಮಾಡಿದೆ. ಭಯವಾದಾಗ ಕೈಗೆ ಕೆಲಸ ಕೊಡುವುದು ಒಳ್ಳೆಯದು. ಬಂಡಿದಾರಿಯ ಅಂಚಿನಲ್ಲಿ ನೈಋತ್ಯದ ಕಲ್ಲು, ಆಗ್ನೇಯದ ಕಲ್ಲು ಎರಡೂ ಸಿಕ್ಕವು. ಕಾವಲಿನ ಮುಳ್ಳುಬೇಲಿಯ ಬುಡದಲ್ಲಿ ವಾಯವ್ಯದ ಕಲ್ಲೂ ಇತ್ತು, ಸ್ವಲ್ಪ ವಾಲಿತ್ತು. ಈಶಾನ್ಯದ್ದು ಕಾಣಲಿಲ್ಲ. ಸರಪಳಿ ಎಳೆದು ಅಳೆದೆವು. ನಮ್ಮ ಸರಪಳಿ ಮೂವತ್ತಮೂರು ಅಡಿ, ಅದರಲ್ಲಿ ಆಣೆ ಎಂಬ ಹದಿನಾರು ಭಾಗ. ಪಶ್ಚಿಮದಿಂದ ಪೂರ್ವಕ್ಕೆ ಟಿಪ್ಪಣಿಯ ಪ್ರಕಾರ ಒಂಬತ್ತು ಸರಪಳಿ ಇರಬೇಕು. ಕಾವಲಿನ ಬದಿಯಲ್ಲಿ ಆರು ಸರಪಳಿಗೇ ಮುಖಂಡರ ಹೊಲದ ಬೇಲಿ ಅಡ್ಡ ಬಂತು. ಬೇಲಿಯಾಚೆ ಈರುಳ್ಳಿ ಕಿತ್ತು ಒಂದು ಸಾಲು ಉತ್ತ ನೆಲ. ಬೇಲಿಯ ಈಚೆ ಗೋರಿಯ ಪಕ್ಕ ಗೋರಿ, ಕಾಲಿಡಲು ಜಾಗವಿಲ್ಲ.

ಅಂದರೆ ಇದ್ದ ಸ್ಮಶಾನ ತುಂಬಿತ್ತು. ಖಾಲಿ ನೆಲವೇನಾದರೂ ಇದ್ದರೆ ಅದು ಬೇಲಿಯಾಚೆಗಿತ್ತು. ಈಶಾನ್ಯದ ಕಲ್ಲು ಸಿಗದೆ ಅದನ್ನು ಖಚಿತವಾಗಿ ತೋರಿಸುವಂತಿರಲಿಲ್ಲ.

"ಬೇಲಿ ನಮ್ಮಪ್ಪನ ಕಾಲದ್ದು," ಎಂದರು ಮುಖಂಡರು. "ಅದರ ಆಚೆಗೆ ಅಳೀಬೇಕಾದ್ರೆ ಕಲ್ಲು ತೋರ್ಸಿ."

ಜವಾನ ಬೇಲಿಯಾಚೆ ಹಾರೆ ಹಾಕಿ ಎರಡು ಕಡೆ ಕೆದಕಿ ನೋಡಿದ. ಎರೆಮಣ್ಣು ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಹೆಂಟೆ ಬಂದು ನಮ್ಮ ಕ್ರಾಸ್ ಸ್ಟಾಫಿಗೆ ಬಡಿಯಿತು. ಲಂಬಕೋನ ನೋಡುವ ಆ ಸಾಧನ ಕೋಲಿನ ಸಮೇತ ನೆಲಕ್ಕುರುಳಿತು. ಎರಡನೇ ಹೆಂಟೆ ನನ್ನ ಭುಜದ ಮೇಲಿಂದ ಹೋಯಿತು. ದಫೇದಾರರು ಲಾಠಿ ಎತ್ತಲಿಲ್ಲ. ಸುಮ್ಮನೆ ನಡೆದು ಬಂದು ನನ್ನ ಮತ್ತು ಜನರ ನಡುವೆ ನಿಂತರು. ಅವರ ಅಂಗಿಯ ಬೆನ್ನು ಪೂರ್ತಿ ನೆಂದಿದ್ದುದು ನನಗೆ ಕಾಣುತ್ತಿತ್ತು.

ಮುಖಂಡರು ನನ್ನನ್ನು ಹುಣಸೆ ಮರದ ನೆರಳಿಗೆ ಕರೆದೊಯ್ದರು. "ನೀವೂ ನಮ್ಮೋರು. ನಿಮ್ಮ ಕೆಲಸಕ್ಕೆ ಕುತ್ತು ಬರೋದು ಬೇಡ, ನಮ್ಮ ಊರಿಗೂ ಬೇಡ. ಕಲ್ಲು ಸಿಗ್ಲಿಲ್ಲ, ನೋಟೀಸು ಕೊಟ್ಟು ಹದಿನೈದು ದಿನ ಬಿಟ್ಟು ಅಳೀಬೇಕು ಅಂತ ಬರೀರಿ. ಕಾನೂನೇ ಹಂಗೈತಲ್ಲ. ಹೆಣಾನ ಅವ್ರು ಕಡೂರಿಗೋ ಎಲ್ಲಿಗೋ ತಗಂಡೋಗ್ಲಿ."

ಕಾನೂನು ಹಾಗೇ ಇತ್ತು. ಹದ್ದು ಗುರುತಿಸುವ ಮುಂಚೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಕೊಡಬೇಕು. ಕಲ್ಲು ಸಿಗದಿದ್ದರೆ ಸುತ್ತಲಿನ ಸರ್ವೆ ನಂಬರುಗಳಿಂದ ಅಳತೆ ಎಳೆದು ತರಬೇಕು, ಅದಕ್ಕೆ ಎರಡು ದಿನ ಬೇಕು. ಹಾಗೆ ಬರೆದರೆ ಯಾವ ಮೇಲಧಿಕಾರಿಯೂ ನನ್ನನ್ನು ಪ್ರಶ್ನಿಸುವಂತಿರಲಿಲ್ಲ. ಹಾಗೆ ಬರೆದರೆ ಆ ಗಾಡಿ ದಾರಿಯಿಂದ ಸರಿಯುತ್ತಿತ್ತು.

ನಾನು ಬರೆದೆ. ಇದನ್ನು ಮುಚ್ಚಿಡುವುದಿಲ್ಲ. ಹುಣಸೆಯ ಬೇರಿನ ಮೇಲೆ ಕುಳಿತು, ತೊಡೆಯ ಮೇಲೆ ಹಾಳೆಯಿಟ್ಟುಕೊಂಡು ಮಹಜರು ಬರೆದೆ: 'ಈಶಾನ್ಯ ಮೂಲೆಯ ಕಲ್ಲು ಹುಡುಕಲಾಗಿ ಸಿಕ್ಕಿರುವುದಿಲ್ಲ. ಸ್ಥಳದ ತೋಟಿಯನ್ನು ವಿಚಾರಿಸಲಾಗಿ ತನಗೂ ತಿಳಿದಿಲ್ಲವೆಂದು ಹೇಳಿರುತ್ತಾನೆ.' ತೋಟಿಯನ್ನು ನಾನು ವಿಚಾರಿಸಿರಲೇ ಇಲ್ಲ. ಮಹಜರುಗಳಲ್ಲಿ ಆ ವಾಕ್ಯ ಹಾಗೇ ಬಂದುಬಿಡುತ್ತದೆ, ಬರೆದು ಬರೆದು ರೂಢಿ. ಮುಖಂಡರು ಸಹಿ ಹಾಕಿದರು. ಸಾಕ್ಷಿಗೆ ನಿಂತ ಇನ್ನೊಬ್ಬ ಪಂಚರು ಹಾಕಿದರು. ತೋಟಿಯ ಹೆಬ್ಬೆಟ್ಟು ಬಾಕಿ ಇತ್ತು.

ಅವನು ಬಂದು ಕುಕ್ಕರಗಾಲಲ್ಲಿ ಕುಳಿತ. ಮಸಿಯ ಪ್ಯಾಡಿಗೆ ಹೆಬ್ಬೆರಳು ಒತ್ತಿಕೊಂಡ. ಹಾಳೆಯ ಮೇಲೆ ಇಡುವ ಮುಂಚೆ ಕೇಳಿದ, "ಏನು ಬರದೈತೆ ಸ್ವಾಮಿ?"

ಓದಿ ಹೇಳಿದೆ. ಓದುವಾಗ ನನ್ನ ದನಿ ಸಣ್ಣದಾದದ್ದು ನನಗೇ ಕೇಳಿಸಿತು.

ಅವನು ಬೆರಳನ್ನು ಗಾಳಿಯಲ್ಲೇ ಹಿಡಿದಿದ್ದ. "ನಮ್ಮಣ್ಣ ಕಿರಿಸ್ತಾನ್ರ ಜತೆ ಸೇರಿದ್ದು ನಂಗೆ ಇಷ್ಟ ಇಲ್ಲ. ಅವನು ನಮ್ಮಪ್ಪನ ಪಕ್ಕ ಮಲಗಬೇಕಿತ್ತು, ನಮ್ಮ ಪದ್ಧತೀಲಿ. ಅದಕ್ಕೆ ನಾನು ಊರಿನ ಕಡೆ ನಿಂತಿದ್ದು," ಎಂದ. "ಆದ್ರೆ ಕಲ್ಲು ನಂಗೆ ಗೊತ್ತಿಲ್ಲ ಅಂತ ಹೆಬ್ಬೆಟ್ಟು ಒತ್ತಾಕಾಗಲ್ಲ. ಆ ಕಲ್ಲು ಹೊತ್ಕಂಡು ಬಂದೋನು ನಮ್ಮ ತಾತ."

ಮುಖಂಡರು ಕೊಡೆಯನ್ನು ನೆಲಕ್ಕೂರಿದರು. "ಲೇ, ಯೋಚ್ನೆ ಮಾಡಿ ಮಾತಾಡು."

"ಮಾಡೀನಿ ಬುದ್ಧಿ," ಎಂದ. ಮಸಿ ಹತ್ತಿದ ಬೆರಳನ್ನು ಕಂಬಳಿಗೆ ಒರೆಸಿಕೊಂಡ.

ಆ ಕ್ಷಣದಲ್ಲಿ ನನಗೆ ಆದದ್ದು ಧೈರ್ಯವಲ್ಲ, ನಾಚಿಕೆ. ಅವನ ಗುಡಿಸಲು, ಅನ್ನ, ಚಾಕರಿ ಎಲ್ಲವೂ ಆ ಊರಿನ ಕೈಯಲ್ಲಿತ್ತು. ನನಗೆ ಸರ್ಕಾರಿ ಕೆಲಸವಿತ್ತು, ಸಂಜೆಗೆ ತರೀಕೆರೆಯ ಬಸ್ಸಿತ್ತು. ನಾನು ಪೆನ್ನು ತೆಗೆದು ಆ ಎರಡು ಸಾಲುಗಳನ್ನು ಹೊಡೆದುಹಾಕಿ, ನಿಯಮದಂತೆ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೆ. ಮುಖಂಡರಿಗೆ ತಹಶೀಲ್ದಾರರ ಆದೇಶವನ್ನು ತೋರಿಸಿ, "ಇವತ್ತು ಜಾಗ ತೋರಿಸ್ತೀನಿ. ನೋಟೀಸು ಕೊಟ್ಟು ಕಾಯಂ ಕಲ್ಲು ನೆಡೋಕೆ ಮತ್ತೆ ಬರ್ತೀನಿ. ನಿಮ್ಮ ತಕರಾರು ಇದ್ರೆ ಬರೆದುಕೊಡಿ, ಸೇರಿಸ್ತೀನಿ," ಎಂದೆ. ಒಂದೇ ಉಸಿರಿನಲ್ಲಿ ಹೇಳಿದೆ. ನಿಲ್ಲಿಸಿದ್ದರೆ ಮುಗಿಸಲು ಆಗುತ್ತಿರಲಿಲ್ಲ.

"ನಿಮ್ಮ ಮಾವ್ನೋರಿಗೆ ನಾನು ಏನು ಹೇಳ್ಲಿ?" ಎಂದರು ಅವರು.

"ನಡೆದದ್ದು ಹೇಳಿ," ಎಂದೆ.

ತೋಟಿ ಬೇಲಿಯ ಸಂದಿಯಲ್ಲಿ ನುಗ್ಗಿ, ಕಾವಲಿನ ಅಂಚು ಹಿಡಿದು ನಡೆದ. ಒಂದು ಕಡೆ ನಿಂತು ಹಿಂದೆ ತಿರುಗಿ ದೂರದ ದಿಬ್ಬ ನೋಡಿದ, ಹುಣಸೆ ಮರ ನೋಡಿದ, ಎರಡು ಹೆಜ್ಜೆ ಎಡಕ್ಕೆ ಸರಿದು ಹಿಮ್ಮಡಿಯಿಂದ ನೆಲ ಒದ್ದ. ಜವಾನ ಅಗೆಯತೊಡಗಿದ. ಜನ ಬೇಲಿ ಮುರಿದುಕೊಂಡು ಸುತ್ತ ಸೇರಿದರು. ಗುಂಡಿಯ ಅಂಚಿನಲ್ಲಿ ಕುಳಿತಿದ್ದ ನನಗೆ ಆಕಾಶ ಬಿಟ್ಟು ಬರೀ ಕಾಲುಗಳೇ ಕಾಣುತ್ತಿದ್ದವು. ಎರಡು ಅಡಿ ಆಳದಲ್ಲಿ ಹಾರೆ ಠಣ್ ಎಂದಿತು.

ಮಣ್ಣು ಸರಿಸಿದಾಗ ಕಲ್ಲಿನ ತಲೆ ಕಂಡಿತು. ಅದರ ಮೇಲೆ ಸರ್ವೆಯವರು ಉಳಿಯಿಂದ ಕೊರೆದ ಕೂಡು ಗುರುತು, ಅಡ್ಡಗೆರೆಯ ಮೇಲೊಂದು ಉದ್ದಗೆರೆ.

"ಶಿಲುಬೆ ಕಣ್ರೋ," ಎಂದ ಒಬ್ಬ ಯುವಕ. "ಮೊದ್ಲೇ ತಂದು ಹೂತವ್ರೆ."

ಆ ಮಾತು ಗುಂಪಿನೊಳಗೆ ಹರಡುವುದು ನನಗೆ ಕೇಳಿಸುತ್ತಿತ್ತು. ಹಿಂದಿನಿಂದ ತಳ್ಳಾಟ ಆರಂಭವಾಯಿತು. ಯಾರೋ ಒಬ್ಬ ಜವಾನನ ಕೈಯಿಂದ ಹಾರೆ ಕಿತ್ತುಕೊಂಡ. ನಾನು ಕುಳಿತೇ ಇದ್ದೆ. ಎಲ್ಲ ಸರ್ವೆ ಕಲ್ಲುಗಳಿಗೂ ಈ ಗುರುತು ಇರುತ್ತದೆ ಎಂದು ಹೇಳಬೇಕಿತ್ತು. ಆ ಗದ್ದಲದಲ್ಲಿ ಹೇಳಲಾಗಲಿಲ್ಲ. ಮಗ ಮತ್ತು ಅವನ ಕಡೆಯ ಐದಾರು ಜನ ದೂರದಿಂದ ಓಡಿಬರುತ್ತಿದ್ದರು. ಅವರು ಬಂದು ತಲುಪಿದರೆ ಮುಗಿಯಿತು ಅಂದುಕೊಂಡೆ.

ಮುಖಂಡರು ಜನರನ್ನು ಕೊಡೆಯಿಂದ ಸರಿಸಿಕೊಂಡು ಗುಂಡಿಯ ಬಳಿ ಬಂದು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಅವರು ಒಂದು ಮಾತು ಆಡದಿದ್ದರೂ ಸಾಕಿತ್ತು, ಉಳಿದದ್ದನ್ನು ಆ ಯುವಕರು ನೋಡಿಕೊಳ್ಳುತ್ತಿದ್ದರು.

"ಹಾರೆ ಕೆಳಗಿಡೋ," ಎಂದರು. "ನನ್ನ ಹೊಲದ ನಾಲ್ಕೂ ಕಲ್ಲಿಗೆ ಇದೇ ಗುರುತೈತೆ. ನಿಮ್ಮಪ್ಪನ ಹೊಲದ ಕಲ್ಲಿಗೂ ಐತೆ, ಹೋಗಿ ನೋಡು. ಇದು ಸರ್ಕಾರದ ಕಲ್ಲು."

ಹಾರೆ ಕೆಳಗೆ ಬಿತ್ತು. ಅವರು ಯಾರನ್ನೂ ನೋಡದೆ ಊರಿನ ಕಡೆಗೆ ನಡೆದರು. ಅವರ ಹಿಂದೆ ಅರ್ಧ ಜನ ಹೋದರು. ಆ ಮುದುಕರು ಆ ಮಾತನ್ನು ಏಕೆ ಹೇಳಿದರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕಲ್ಲು ಒಪ್ಪಿದರೆ ಮೂರು ಸರಪಳಿ ಅಗಲದ ನೆಲ ಅವರ ಕೈಬಿಡುತ್ತಿತ್ತು. ಬಹುಶಃ ಕಣ್ಣೆದುರು ರಕ್ತ ಬೀಳುವುದು ಅವರಿಗೆ ಬೇಡವಾಗಿತ್ತು. ಅಥವಾ ಕಲ್ಲಿನ ವಿಷಯದಲ್ಲಿ ಸುಳ್ಳಾಡಬಾರದು ಎಂಬ ಹಳೆಯ ನಂಬಿಕೆ ಅವರೊಳಗೂ ಇತ್ತು.

ಬೇಸ್ ಲೈನ್ ಎಳೆದಾಗ ಟಿಪ್ಪಣಿಗೂ ನೆಲಕ್ಕೂ ಅರ್ಧ ಆಣೆಯಷ್ಟೇ ವ್ಯತ್ಯಾಸ. ಆಗ್ನೇಯದ ಕಲ್ಲಿನ ಬಳಿಯೂ ಈಶಾನ್ಯದ ಕಲ್ಲಿನ ಬಳಿಯೂ ಗೂಟ ಹೊಡೆದು ನಡುವೆ ಹಗ್ಗ ಕಟ್ಟಿದೆ. ಫೀಲ್ಡ್ ಬುಕ್ಕಿನಲ್ಲಿ ಆ ದಿನದ ಅಂಕಿಗಳು ಎಷ್ಟು ವಕ್ರವಾಗಿದ್ದವೆಂದರೆ ಮರುದಿನ ಅವನ್ನು ನಾನೇ ಕಷ್ಟಪಟ್ಟು ಓದಬೇಕಾಯಿತು. ಹಗ್ಗದ ಒಳಗೆ, ಈಶಾನ್ಯದ ಮೂಲೆಯ ಹತ್ತಿರ, ಮಗ ಒಂದು ಜಾಗ ಆರಿಸಿದ. ಗುಂಡಿ ತೋಡಿದರು. ಕಡೂರಿನ ಉಪದೇಶಿ ಬಂದಿರಲಿಲ್ಲ, ಬರುವ ದಾರಿಯಲ್ಲೇ ಅವರನ್ನು ಯಾರೋ ತಡೆದಿದ್ದರಂತೆ. ಮಗನೇ ಒಂದು ಪುಸ್ತಕ ಹಿಡಿದು, ತಡವರಿಸುತ್ತ, ಮೂರು ನಿಮಿಷ ಓದಿದ. ಹೆಂಗಸರು ಗಟ್ಟಿಯಾಗಿ ಅಳಲೂ ಹೆದರಿದ್ದರು. ಶಿಲುಬೆಯನ್ನು ಆ ದಿನ ನೆಡಲಿಲ್ಲ. ದಫೇದಾರರು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ತೋಟಿ ಬೇಲಿ ದಾಟದೆ, ಹಳೆಯ ಗೋರಿಗಳ ಬದಿಯಲ್ಲೇ ನಿಂತು ನೋಡಿದ. ಮಣ್ಣು ಹಾಕಲು ಅವನು ಬರಲಿಲ್ಲ, ಅವರೂ ಕರೆಯಲಿಲ್ಲ.

ನಾವು ಹೊರಟಾಗ ಗಾಡಿ ದಾರಿಯಲ್ಲಿ ಇರಲಿಲ್ಲ. ಆದರೂ ಅಜ್ಜಂಪುರ ಮುಟ್ಟುವವರೆಗೆ ದಫೇದಾರರು ಹಿಂದೆ ತಿರುಗಿ ದಾರಿ ನೋಡುತ್ತಲೇ ಇದ್ದರು.

ಆ ಹದಿನೈದು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ನನ್ನ ಮಾವನವರು ಒಂದು ಕಾರ್ಡು ಬರೆದರು, ಅದರಲ್ಲಿ ಮಗಳ ಯೋಗಕ್ಷೇಮ ಕೇಳಿದ್ದರು, ನನ್ನದು ಕೇಳಿರಲಿಲ್ಲ. ಹೆಂಡತಿ ಅದನ್ನು ಓದಿ, "ನೀವು ಅಲ್ಲಿಗೆ ಮತ್ತೆ ಹೋಗಲೇಬೇಕಾ?" ಎಂದಳು. ಹೋಗಲೇಬೇಕಿತ್ತು. ನೋಟೀಸಿನ ಅವಧಿ ಮುಗಿದಿತ್ತು, ಕಾಯಂ ಕಲ್ಲು ನೆಡಬೇಕಿತ್ತು. ಈ ಸಲ ಪೊಲೀಸರು ಇರಲಿಲ್ಲ, ನಾನು ಮತ್ತು ಜವಾನ ಇಬ್ಬರೇ. ಬಸ್ಸಿಳಿದು ಕಾವಲಿನ ಅಂಚಿನಲ್ಲಿ ನಡೆಯುವಾಗ ಪ್ರತಿ ಪೊದೆಯ ಹಿಂದೆಯೂ ಯಾರೋ ಇದ್ದಾರೆ ಅನಿಸುತ್ತಿತ್ತು.

ಏನೂ ಆಗಲಿಲ್ಲ. ಮುಖಂಡರು ಬಂದು ಹಾಜರಿಗೆ ಸಹಿ ಹಾಕಿದರು. "ಬೇಲಿ ಹಿಂದಕ್ಕೆ ತಗೀತೀನಿ," ಎಂದರು. "ಆದ್ರೆ ಒಂದು ನೆನಪಿಟ್ಕಳಿ. ಇನ್ನು ಈ ಊರಾಗೆ ಸತ್ತೋರಿಗೆ ಎರಡು ದಾರಿ." ನನಗೆ ನೀರು ಬೇಕಾ ಎಂದು ಕೇಳಲಿಲ್ಲ. ಅವರ ಮಾತು ಪೂರ್ತಿ ಸುಳ್ಳು ಅನ್ನಿಸಲಿಲ್ಲ. ಹೊಸ ಗೋರಿಗೆ ಬರಲು ಕಾವಲಿನ ಕಡೆಯಿಂದ ಬೇರೆಯೇ ಕಾಲುದಾರಿ ಆಗಲೇ ಬಿದ್ದಿತ್ತು.

ಕಲ್ಲು ನೆಟ್ಟು ಮುಗಿಸಿ ಸರಪಳಿ ಸುತ್ತುವಾಗ ತೋಟಿ ಬಂದ. ಸೊರಗಿದ್ದ. ಊರಿನವರು ಅವನನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದ್ದರು. ಅಣ್ಣನ ಮಗ ಮಾತಾಡಿಸುತ್ತಾನಾ ಎಂದು ಕೇಳಿದೆ. "ಮಾತಾಡಿಸ್ತಾನೆ. ನಾನೇ ಹೋಗಿಲ್ಲ," ಎಂದ. ಆಮೇಲೆ ಪಶ್ಚಿಮದ ಕಡೆ ಒಂದು ಹಳೆಯ ಮಣ್ಣುದಿಬ್ಬ ತೋರಿಸಿದ.

"ಅದು ನಮ್ಮಪ್ಪಂದು. ಅಲ್ಲಿಂದ ಅಣ್ಣನ ಹತ್ರಕ್ಕೆ ಎಷ್ಟಾಯ್ತದೆ ಸ್ವಾಮಿ? ಅಳೆದು ಹೇಳ್ತೀರಾ?"

ಜವಾನ ಹೊತ್ತಾಯಿತು ಎಂಬಂತೆ ನನ್ನನ್ನು ನೋಡಿದ. ನಾನು ಸರಪಳಿ ಬಿಚ್ಚಿದೆ. ಒಂದು ತುದಿ ತೋಟಿಯೇ ಹಿಡಿದ. ಅಪ್ಪನ ಗೋರಿಯ ತಲೆಯ ಕಡೆ ಊರಿ ನಿಂತು, ಸರಪಳಿ ಬಿಗಿಯಾಗುವ ತನಕ ಕಾದು, ಮುಂದೆ ನಡೆದು ಮತ್ತೆ ಊರಿದ. ಗೋರಿಗಳ ನಡುವೆ, ಬೇಲಿ ಮುರಿದಿದ್ದ ಸಂದಿ ದಾಟಿ, ಉತ್ತ ನೆಲದ ಮೇಲೆ ಹಾಯ್ದು ಅಣ್ಣನ ಗೋರಿಯವರೆಗೆ ಬಂದೆವು. ಅಲ್ಲಿ ಅವನು ಕಾಲು ಇಡಬಹುದೋ ಬಾರದೋ ಎಂಬಂತೆ ಒಂದು ಗಳಿಗೆ ತಡೆದು, ಆಮೇಲೆ ಬಗ್ಗಿ ಸರಪಳಿಯ ಹಿಡಿಯನ್ನು ಹೊಸ ಮಣ್ಣಿಗೆ ಮುಟ್ಟಿಸಿದ.

"ಆರು ಸರಪಳಿ, ಆರಾಣೆ," ಎಂದೆ.

ಅವನು ಅಪ್ಪನ ದಿಬ್ಬದ ಕಡೆ ತಿರುಗಿ ನೋಡಿದ. ಬಾಯಲ್ಲೇ ಲೆಕ್ಕ ಹಾಕಿಕೊಂಡ.

"ಹಂಗಾದ್ರೆ ಕೂಗಳತೇಲೇ ಅವ್ರೆ ಬಿಡಿ," ಎಂದು ಸರಪಳಿಯ ತುದಿಯನ್ನು ನನ್ನ ಕೈಗೆ ಕೊಟ್ಟ.